ಆರನೆಯ ಸ್ವಿಚ್ಚು

ಸಾರ್ ಮೇಲಿನ ಸಿಟ್ಟು ನನ್ನಲ್ಲಿ ಇನ್ನೂ ಪೂರ್ತಿ ಇಳಿದಿರಲಿಲ್ಲ, ಅಷ್ಟರಲ್ಲಿ ಅವರೇ ಹೋಗಿಬಿಟ್ಟರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಬರೆಯಲು ಒಳ್ಳೆಯದು ಬೇಕಾದಷ್ಟಿದೆ. ಆದರೆ ಸಿಟ್ಟನ್ನು ಬಿಟ್ಟು ಬರೆದರೆ ಅದು ಬೇರೆ ಯಾರೋ ಸಂಭಾವಿತರ ಚಿತ್ರವಾಗುತ್ತದೆ, ನಮ್ಮ ಸಾರ್ ಅದರಲ್ಲಿ ಇರುವುದಿಲ್ಲ. ಅವರ ಹೆಸರನ್ನೂ ಬರೆಯುವುದಿಲ್ಲ. ಜೊತೆಗಿದ್ದ ಅಷ್ಟು ವರ್ಷವೂ ಹೆಸರು ಹಿಡಿದು ಕರೆದವನಲ್ಲ, ಈಗ ಹೊಸದಾಗಿ ಅಭ್ಯಾಸ ಮಾಡಿಕೊಳ್ಳಲಾರೆ.

ಅವರು ಊಟಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದರು. ನಾನು ಅದೇ ಲ್ಯಾಬಿನ ಅಟೆಂಡರ್, ಓದಿದ್ದು ಹತ್ತನೆಯ ತರಗತಿಯವರೆಗೆ. ನಮ್ಮ ಮನೆ ಇರುವುದು ಮಸಿನಗುಡಿಯಿಂದ ಬೊಕ್ಕಾಪುರಕ್ಕೆ ಹೋಗುವ ಕಡೆ. ಅಜ್ಜನ ಕಾಲದಲ್ಲಿ ಗುಂಡ್ಲುಪೇಟೆಯ ಕಡೆಯಿಂದ ಬಂದು ಅಲ್ಲಿ ನೆಲೆಸಿದವರು ನಾವು. ಸಾರ್ ಗೂಡಲೂರಿನವರು. ಅವರ ತಂದೆಯೂ ಮೈಸೂರು ಕಡೆಯಿಂದ ಬಂದು ಅಲ್ಲಿ ಬಟ್ಟೆ ಅಂಗಡಿ ಇಟ್ಟವರಂತೆ. ಹಾಗಾಗಿ ಸಾರ್ ಪಾಠ ತಮಿಳಿನಲ್ಲಿ, ಬೈಗುಳ ಮಲಯಾಳದಲ್ಲಿ, ನನ್ನ ಜೊತೆ ಮಾತ್ರ ಕನ್ನಡ.

ತೆಳ್ಳಗಿನ ಆಳು. ಬೇಸಿಗೆಯಲ್ಲೂ ಒಂದು ಕಂದು ಸ್ವೆಟರ್. ಅದರ ಮೊಣಕೈಯಲ್ಲಿ ಬೆಸುಗೆ ಹಾಕುವ ಕಾದ ಕಬ್ಬಿಣ ತಾಗಿದ ಎರಡು ತೂತು. ಬೆಸುಗೆಯ ಸೀಸದ ತಂತಿಯನ್ನು ಹೆಂಗಸರು ಬಳೆ ತೊಟ್ಟಂತೆ ಎಡಗೈಗೆ ಸುತ್ತಿಕೊಂಡಿರುತ್ತಿದ್ದರು. ಸಣ್ಣ ಬ್ಯಾಟರಿಯಲ್ಲಿ ಜೀವ ಇದೆಯೋ ಇಲ್ಲವೋ ಎಂದು ನೋಡಲು ಮೀಟರು ಪಕ್ಕದಲ್ಲೇ ಇದ್ದರೂ ನಾಲಿಗೆಗೆ ತಾಗಿಸಿಯೇ ನೋಡುತ್ತಿದ್ದರು. ಹುಡುಗರು ನಗುತ್ತಿದ್ದರು. ಮೀಟರು ಸುಳ್ಳು ಹೇಳಬಹುದು, ನಾಲಿಗೆ ಹೇಳುವುದಿಲ್ಲ ಎನ್ನುವರು. ಆಮೇಲೆ ತಾವೇ ಯೋಚಿಸಿ, ನಾಲಿಗೆಯೂ ಹೇಳುತ್ತದೆ, ಆದರೆ ಬ್ಯಾಟರಿಯ ವಿಷಯದಲ್ಲಿ ಅಲ್ಲ ಎಂದು ಸೇರಿಸುವರು.

ಬೆಳಿಗ್ಗೆ ಅವರು ಮಾಡುತ್ತಿದ್ದ ಮೊದಲ ಕೆಲಸ ಸ್ಟಾಫ್ ರೂಮಿನ ಪೇಪರನ್ನು ಕತ್ತರಿಸುವುದು. ಫುಟ್‌ಬಾಲ್ ಸುದ್ದಿ ವಾಚ್‌ಮನ್‌ಗೆ, ಚಹಾ ಎಲೆಯ ದರ ಬಡಗರ ಹಟ್ಟಿಯಿಂದ ಬರುತ್ತಿದ್ದ ಗುಮಾಸ್ತರಿಗೆ, ಹೊಸ ಸಿನಿಮಾದ ಚಿತ್ರ ಲೈಬ್ರರಿಯ ಅಮ್ಮನಿಗೆ. ಯಾರಿಗೆ ಯಾವುದು ಬೇಕೋ ಅದು ಅವರವರ ಮೇಜಿನ ಮೇಲೆ ಇರುತ್ತಿತ್ತು. ಪ್ರಿನ್ಸಿಪಾಲರ ಕೈಗೆ ಹೋಗುವ ಹೊತ್ತಿಗೆ ಪೇಪರು ಹುಳ ತಿಂದ ಎಲೆಯಂತಾಗಿರುತ್ತಿತ್ತು. ಅವರು ಕೂಗಾಡಿದರೆ ಸಾರ್ ಶಾಂತವಾಗಿ, ಸಾರ್, ನಿಮಗೆ ಯಾವುದು ಬೇಕು ಅಂತ ನೀವು ಹೇಳಲೇ ಇಲ್ಲವಲ್ಲ ಎನ್ನುತ್ತಿದ್ದರು.

ಈ 'ಹೇಳಲಿಲ್ಲವಲ್ಲ', 'ಕೇಳಲಿಲ್ಲವಲ್ಲ' ನನ್ನ ಪಾಲಿಗೂ ಬಂತು. ಒಂದು ವರ್ಷ ಅಟೆಂಡರುಗಳಿಗೆ ಲ್ಯಾಬ್ ಸಹಾಯಕರಾಗಲು ಪರೀಕ್ಷೆ ಇತ್ತು. ಅರ್ಜಿಯ ಕೊನೆಯ ದಿನ ಕಳೆದ ಮೇಲೆ ನನಗೆ ಗೊತ್ತಾಯಿತು. ಸಾರ್ ಸುತ್ತೋಲೆಯನ್ನು ಓದಿದ್ದರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ನಿನಗೆ ಬೇಕು ಅಂತ ನನಗೆ ಹ್ಯಾಗೆ ಗೊತ್ತಾಗಬೇಕು ಮಾದೇವ? ಕೇಳದೆ ಹೇಳೋದೆಲ್ಲ ಗದ್ದಲ ಕಣಯ್ಯ."

ನಾನು ಎರಡು ದಿನ ಮಾತು ಬಿಟ್ಟೆ. ಅವರು ಅದನ್ನು ಗಮನಿಸಿದಂತೆಯೇ ಕಾಣಲಿಲ್ಲ.

ಆ ಪೆಟ್ಟಿಗೆಗಳ ಕೆಲಸ ಶುರುವಾಗಿದ್ದು ಅದಾದ ಮೇಲೆ, ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷಕ್ಕೆ. ಆಗ ಮೊಬೈಲು ಊಟಿ ಪೇಟೆಯಲ್ಲಿ ಸಿಗುತ್ತಿತ್ತು, ಕಲ್ಲಟ್ಟಿ ಘಾಟಿ ಇಳಿದರೆ ಸತ್ತುಹೋಗುತ್ತಿತ್ತು. ನಮ್ಮ ಕಡೆ ಫೋನಿನ ಕಂಬಗಳನ್ನು ಆನೆಗಳು ನೆಡುವವರಿಗಿಂತ ಬೇಗ ಕೀಳುತ್ತಿದ್ದವು. ಕಂಬವೂ ತಂತಿಯೂ ಟವರೂ ಇಲ್ಲದೆ ಊರಿಂದ ಊರಿಗೆ ಸುದ್ದಿ ಹೋಗುವಂತೆ ಮಾಡುತ್ತೇನೆ ಎಂದು ಸಾರ್ ಹೊರಟರು. ಟಿಫನ್ ಕ್ಯಾರಿಯರಿನಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಸಣ್ಣ ರೇಡಿಯೋ, ಬೈಕಿನ ಬ್ಯಾಟರಿ, ಹೊರಗೆ ಒಂದು ಸಾಲು ಅಕ್ಷರ ಕಾಣುವ ಗಾಜು. ಒಂದು ಪೆಟ್ಟಿಗೆ ಹೇಳಿದ್ದು ಪಕ್ಕದ ಪೆಟ್ಟಿಗೆಗೆ ಕೇಳುತ್ತದೆ, ಅದು ಅದರ ಪಕ್ಕದ್ದಕ್ಕೆ ದಾಟಿಸುತ್ತದೆ. ಒಂದು ಕೆಟ್ಟರೆ ಸುದ್ದಿ ಬೇರೆ ದಾರಿ ಹಿಡಿಯುತ್ತದೆ.

ಮೊದಲ ಸಲ ಮಾಡಿದಾಗ ಎಲ್ಲ ಪೆಟ್ಟಿಗೆಯೂ ಕೇಳಿದ್ದನ್ನೆಲ್ಲ ಎಲ್ಲರಿಗೂ ಹೇಳುತ್ತಿತ್ತು. ಒಬ್ಬರು 'ಆನೆ' ಎಂದು ಕಳಿಸಿದರು. ಒಂದು ಹೇಳಿದ್ದನ್ನು ಇನ್ನೊಂದು, ಇನ್ನೊಂದು ಹೇಳಿದ್ದನ್ನು ಮತ್ತೆ ಮೊದಲನೆಯದು. ಆನೆ ಕಾಡು ಸೇರಿ ಎರಡು ದಿನವಾದರೂ ಸುದ್ದಿ ಸುತ್ತುತ್ತಲೇ ಇತ್ತು. ಬ್ಯಾಟರಿಗಳೆಲ್ಲ ಸತ್ತವು. ಊರಿನವರು ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಆವತ್ತು ಸಾರ್ ಒಂದು ನಿಯಮ ಮಾಡಿಕೊಂಡರು. ಕೇಳಿದವರಿಗೆ, ಕೇಳಿದ್ದನ್ನು ಮಾತ್ರ.

ಅವರು ನನಗೆ ತಿಳಿಸಿ ಹೇಳಿದ್ದು ಹೀಗೆ. ಪ್ರತಿ ಊರಿನಲ್ಲೂ ಒಬ್ಬ ಮುದುಕಿ ಇರುತ್ತಾಳೆ. ಯಾರ ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ, ಯಾರು ಹಸು ಹುಡುಕುತ್ತಿದ್ದಾರೆ, ಎಲ್ಲ ಅವಳಿಗೆ ಗೊತ್ತು. ಹಸು ಮಾರಾಟಕ್ಕಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಅವಳು ಊರೆಲ್ಲ ಕೂಗುವುದಿಲ್ಲ, ಸೀದಾ ಆ ಮನೆಗೆ ಹೋಗುತ್ತಾಳೆ. ಪೆಟ್ಟಿಗೆ ಆ ಮುದುಕಿ. ಸುದ್ದಿಯ ಮೇಲೆ ವಿಳಾಸ ಇರುವುದಿಲ್ಲ. ನಮಗೆ ಏನು ಬೇಕೆಂದು ನಮ್ಮ ಪೆಟ್ಟಿಗೆಗೆ ಹೇಳಿಡಬೇಕು. ಅದು ಪಕ್ಕದ್ದಕ್ಕೆ ಹೇಳಿಟ್ಟಿರುತ್ತದೆ, ಆ ಪಕ್ಕದ್ದು ಇನ್ನೊಂದಕ್ಕೆ. ಆ ತರದ ಸುದ್ದಿ ಎಲ್ಲಿ ಹುಟ್ಟಿದರೂ ಬೇಕೆಂದವರ ಕಡೆಗೆ ದಾರಿ ಮೊದಲೇ ಆಗಿರುತ್ತದೆ.

ಏನೇನು ಬೇಕೆಂದು ಕೇಳಲು ನಾವಿಬ್ಬರೂ ಭಾನುವಾರಗಳಲ್ಲಿ ಮನೆಮನೆ ಅಲೆದೆವು. ಆನೆ. ಬಸ್ಸು ಬಂತೋ ಇಲ್ಲವೋ. ನೀರು. ಕಾಯಿಲೆ. ತಪ್ಪಿಸಿಕೊಂಡ ದನ. ಆರನೆಯದು ಸಾವು. ಸಾವನ್ನು ಸೇರಿಸಲೇಬೇಕು ಎಂದು ಎಲ್ಲ ಹಿರಿಯರೂ ಹೇಳಿದರು. ದೂರದ ಊರಿನ ನಂಟರು ಮಣ್ಣಿಗೆ ಬರಲಾಗದೆ ಹೋಗುವುದು ನಮ್ಮ ಕಡೆ ದೊಡ್ಡ ನೋವು. ಹೀಗೆ ಪೆಟ್ಟಿಗೆಯ ಮುಖದ ಮೇಲೆ ಆರು ಸ್ವಿಚ್ಚು ಬಂದವು. ಯಾವುದು ಬೇಕೋ ಅದನ್ನು ಮೇಲಕ್ಕೆ ಎತ್ತಿಟ್ಟರೆ ಆಯಿತು. ಸುದ್ದಿ ಕಳಿಸಲು ಬೇರೆ ಆರು ಬಟನ್ನು. ಯಾವುದನ್ನು ಒತ್ತಿದರೂ ಆ ಪೆಟ್ಟಿಗೆ ಇರುವ ಜಾಗದ ಹೆಸರು ಜೊತೆಗೇ ಹೋಗುತ್ತಿತ್ತು.

ಹನ್ನೊಂದು ಪೆಟ್ಟಿಗೆ ಇಟ್ಟೆವು. ಒಂದು ನಮ್ಮ ಮನೆಯಲ್ಲಿ. ಒಂದು ಹೊಳೆಯಾಚೆ, ನನ್ನ ತಂಗಿಯನ್ನು ಕೊಟ್ಟ ಮನೆಯಲ್ಲಿ. ನಡುವೆ ಮರದ ಮೇಲೆ ಕಟ್ಟಿದವಕ್ಕೆ ಅರಣ್ಯದ ಆಫೀಸಿನಿಂದ ಮರಕ್ಕೊಂದು ಕಾಗದ ತರಬೇಕಾಯಿತು. ಕಾಗದಕ್ಕಾಗಿ ನಾನು ಎಷ್ಟು ಸಲ ಆ ಬೆಂಚಿನ ಮೇಲೆ ಕೂತೆನೋ. ಸಾರ್ ಒಂದು ಸಲವೂ ಬರಲಿಲ್ಲ. ಅವರು ಬಂದರೆ ಜಗಳವಾಗುತ್ತಿತ್ತು, ಬಾರದೇ ಇದ್ದದ್ದೇ ಉಪಕಾರ.

ಮದ್ರಾಸಿನಿಂದ ಒಬ್ಬ ಅಧಿಕಾರಿ ಇದನ್ನು ನೋಡಲು ಬಂದಿದ್ದರು. ಅವರು ಒಪ್ಪಿದರೆ ಇನ್ನೂ ಮೂವತ್ತು ಪೆಟ್ಟಿಗೆಗೆ ದಾರಿಯಾಗುತ್ತಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ. ನಾನು ಇಂಥವನಿಗೇ ಒಂದು ಸುದ್ದಿ ಕಳಿಸಬೇಕು, ಅವನ ಪೆಟ್ಟಿಗೆಯ ನಂಬರು ಏನು? ನಂಬರು ಇಲ್ಲ ಎಂದರು ಸಾರ್. ಹಾಗಾದರೆ ಅವನಿಗೆ ಹೇಗೆ ಕಳಿಸಲಿ? ಕಳಿಸೋಕೆ ಆಗೋದಿಲ್ಲ, ಅವನಿಗೆ ಅದು ಬೇಕಿದ್ದರೆ ತಾನಾಗೇ ಹೋಗುತ್ತದೆ ಎಂದರು. ಹೀಗೆ ಹೇಳಿದರೆ ಯಾರು ಒಪ್ಪುತ್ತಾರೆ? ನಂಬರನ್ನೂ ಆಮೇಲೆ ಸೇರಿಸಬಹುದು ಎಂದು ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ಆ ಅಧಿಕಾರಿ ಏನೋ ಬರೆದುಕೊಂಡು, ಊಟಿಯ ವರ್ಕಿ ಬಿಸ್ಕತ್ತು ಕಟ್ಟಿಸಿಕೊಂಡು ಹೊರಟುಹೋದರು.

ಆದರೂ ಪೆಟ್ಟಿಗೆಗಳು ಒಂದು ಮಳೆಗಾಲ ಚೆನ್ನಾಗಿಯೇ ನಡೆದವು. 'ಆನೆ, ಹೊಳೆ ದಾರಿ' ಎಂದು ಗಾಜಿನ ಮೇಲೆ ಬಂದರೆ ಮಕ್ಕಳನ್ನು ಶಾಲೆಗೆ ತಡವಾಗಿ ಕಳಿಸುತ್ತಿದ್ದರು. ಊರಿನವರು ನನ್ನನ್ನೂ ಅರ್ಧ ಮೇಷ್ಟ್ರೆಂದು ಕರೆಯತೊಡಗಿದರು. ಅದು ನನ್ನ ತಲೆಗೆ ಏರಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಚಳಿ ಶುರುವಾದಾಗ ನಮ್ಮವ್ವ ತೀರಿಕೊಂಡಳು. ಭಾನುವಾರ, ಸಂಜೆ ಐದಕ್ಕೆ. ನಾನು ಮನೆಯಲ್ಲೇ ಇದ್ದೆ. ನಮ್ಮ ಕಡೆ ಸಾವಿನ ಸುದ್ದಿಗೆ ಆಳು ಹೋಗಬೇಕು. ನಂಟರ ಬಾಗಿಲಲ್ಲಿ ನಿಂತು ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ಬರಬೇಕು. ದೊಡ್ಡಪ್ಪನ ಮಗ ಆಗಲೇ ಕೋಲು, ಟಾರ್ಚು ಹಿಡಿದು ತಂಗಿಯ ಊರಿಗೆ ಹೊರಟು ನಿಂತಿದ್ದ. ನಾನೇ ತಡೆದೆ. ಕತ್ತಲಾಗುತ್ತಿದೆ, ಹೊಳೆಯ ಹತ್ತಿರ ಹಿಂಡು ಇದೆ, ಪೆಟ್ಟಿಗೆ ಇರುವಾಗ ಜೀವ ಯಾಕೆ ಒತ್ತೆ ಇಡುತ್ತೀಯ ಎಂದೆ. ಎಲ್ಲರೆದುರು ಹೋಗಿ ಆರನೆಯ ಬಟನ್ನು ಒತ್ತಿದೆ. ಹಸಿರು ದೀಪ ಹತ್ತಿತು. ಹೋಯಿತು ಎಂದೆ.

ತಂಗಿ ರಾತ್ರಿ ಬರಲಿಲ್ಲ. ಆನೆ ಅಡ್ಡ ನಿಂತಿರಬೇಕು, ಬೆಳಗಾದರೆ ಬರುತ್ತಾಳೆ ಎಂದೆ. ಬೆಳಗಾಯಿತು. ದಾರಿಯಲ್ಲಿದ್ದಾಳೆ ಎಂದೆ. ಮಧ್ಯಾಹ್ನದವರೆಗೆ ಹೆಣ ಇಟ್ಟುಕೊಂಡು ಕಾದೆವು. ಆಮೇಲೆ ಹಿರಿಯರು ಇನ್ನು ಆಗದು ಎಂದರು. ಮಣ್ಣು ಮಾಡಿದೆವು. ಇದ್ದೊಬ್ಬ ಮಗಳು ಹಿಡಿ ಮಣ್ಣು ಹಾಕಲಿಲ್ಲ.

ಅವಳಿಗೆ ಗೊತ್ತಾದದ್ದು ಮೂರನೆಯ ದಿನ, ಬಸ್ಸಿನ ಕಂಡಕ್ಟರ್ ಬಾಯಿಂದ. ಓಡಿ ಬಂದಳು. ಅಂಗಳದಲ್ಲಿ ನಿಂತು ಅಳಲಿಲ್ಲ, ನನ್ನನ್ನೇ ನೋಡಿದಳು.

"ಒಬ್ಬ ಆಳ ಕಳ್ಸಕ್ಕ ಆಗ್ನಿಲ್ವಾ ಅಣ್ಣ ನಿಂಗ?"

ಆಮೇಲೆ ಅವಳು ನಮ್ಮ ಮನೆಗೆ ಬರುವುದನ್ನೇ ಬಿಟ್ಟಳು.

ಮಾರನೆಯ ದಿನ ಮೊದಲ ಬಸ್ಸಿಗೆ ಘಾಟಿ ಹತ್ತಿ ಲ್ಯಾಬಿಗೆ ಹೋಗಿ ಸಾರ್ ಎದುರು ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕಪಾಟಿನಿಂದ ಒಂದು ನೋಟ್‌ಬುಕ್ ತೆಗೆದರು. ಹನ್ನೊಂದು ಪೆಟ್ಟಿಗೆಯಲ್ಲಿ ಯಾವ ಸ್ವಿಚ್ಚನ್ನು ಎಷ್ಟು ಮನೆಯವರು ಎತ್ತಿಟ್ಟಿದ್ದಾರೆ ಎಂದು ಬರೆದಿಟ್ಟಿದ್ದರು. ಆರನೆಯದರ ಮುಂದೆ 'ಯಾರೂ ಇಲ್ಲ' ಎಂದಿತ್ತು.

ಸಾವಿನ ಸುದ್ದಿ ಬೇಕು ಎಂದು ಒಂದು ಮನೆಯವರೂ ಸ್ವಿಚ್ಚು ಎತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಅದು ಇರಬೇಕು ಎಂದು ಹಟ ಹಿಡಿದ ಹಿರಿಯರೂ ಎತ್ತಿರಲಿಲ್ಲ. ನಮ್ಮ ಮನೆಯದನ್ನೂ ನನ್ನ ಹೆಂಡತಿ ಮೊದಲ ದಿನವೇ ಕೆಳಗೆ ಮಾಡಿಟ್ಟಿದ್ದಳಂತೆ, ನಾನು ನೋಡಿರಲಿಲ್ಲ. ಕೇಳುವವರೇ ಇಲ್ಲದ ಸುದ್ದಿಗೆ ದಾರಿ ಇರಲಿಲ್ಲ. ನಮ್ಮವ್ವನ ಸಾವು ನಮ್ಮ ಪೆಟ್ಟಿಗೆ ಬಿಟ್ಟು ಹೊರಗೆ ಹೋಗಿರಲೇ ಇಲ್ಲ. ಹಸಿರು ದೀಪದ ಅರ್ಥ ಸುದ್ದಿ ಒಳಗೆ ಸರಿಯಾಗಿ ಕೂತಿದೆ ಎಂದಷ್ಟೇ.

ನಿಮಗೆ ಇದು ಗೊತ್ತಿತ್ತಾ ಎಂದೆ. ಗೊತ್ತಿತ್ತು, ಅದು ಅವರ ಇಷ್ಟ ಅಂದುಕೊಂಡೆ ಎಂದರು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದೆ. ಉತ್ತರ ಏನೆಂದು ಗೊತ್ತಿತ್ತು. ಮುಚ್ಚಿಕೊಂಡೆ.

ಒಂದೇ ಒಂದು ತಂತಿ ಬೆಸೆದು ಸಾವನ್ನು ಎಲ್ಲರಿಗೂ ಹೋಗುವಂತೆ ಮಾಡಿ ಎಂದೆ. ಅದು ಅವರಿಗೆ ಹತ್ತು ನಿಮಿಷದ ಕೆಲಸ. ಅವರು ತಲೆಯಾಡಿಸಿದರು.

"ಬೇಡ ಅಂತ ಸ್ವಿಚ್ಚು ಕೆಳಗೆ ಮಾಡಿದೋರ ಮನೆಗೆ ನಾನು ಸಾವನ್ನ ಹ್ಯಾಗೆ ನುಗ್ಗಿಸಲಿ ಮಾದೇವ? ತಪ್ಪು ದೀಪದ್ದು. ಕೇಳೋರಿಲ್ಲ ಅಂತ ಅದು ನಿನಗೆ ಹೇಳಬೇಕಾಗಿತ್ತು."

ತಾಯಿಯನ್ನು ಕಳೆದುಕೊಂಡವನಿಗೆ ಈ ಮನುಷ್ಯ ದೀಪದ ಮಾತು ಆಡುತ್ತಿದ್ದಾನಲ್ಲ ಎನಿಸಿತು. ಆಮೇಲೆ ಅವರು ಎರಡು ತಿಂಗಳು ಕೂತು ಮಾಡಿದ್ದೂ ಅದನ್ನೇ. ಕೇಳುವವರು ಇಲ್ಲದಿದ್ದರೆ ಕೆಂಪು ದೀಪ ಹತ್ತುವ ಪೆಟ್ಟಿಗೆ. ಅಷ್ಟರಲ್ಲಿ ಊರಿನವರು ಒಂದೊಂದಾಗಿ ಪೆಟ್ಟಿಗೆಗಳನ್ನು ತಂದು ನಮ್ಮ ಜಗಲಿಯಲ್ಲಿ ಇಟ್ಟು ಹೋಗುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಒಂದು ಭಾನುವಾರ ಸಾರ್ ಹೇಳದೆ ಕೇಳದೆ ನಮ್ಮೂರಿಗೆ ಬಂದರು. ನಿನ್ನ ತಂಗಿಯ ಮನೆಗೆ ಹೋಗಬೇಕು ಎಂದರು. ನಾನು ಬರುವುದಿಲ್ಲ ಎಂದೆ. ದಾರಿ ತೋರಿಸು ಸಾಕು ಎಂದರು. ಸ್ವೆಟರ್ ಹಾಕಿಕೊಂಡು, ಆನೆಯ ದಾರಿಯಲ್ಲಿ ಒಬ್ಬರೇ ನಡೆದುಹೋಗುವುದನ್ನು ನೋಡಲಾಗದೆ ಹಿಂದೆ ಹೋದೆ.

ತಂಗಿ ಒಳಗಿನಿಂದ ಹೊರಗೆ ಬರಲಿಲ್ಲ. ಅವಳ ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸಾರ್ ಕೆಳಗೆ ಕೂತು, ಅವಳ ಮೊರದಿಂದ ಒಂದು ಹಿಡಿ ತೆಗೆದುಕೊಂಡು ತಾವೂ ಸುಲಿಯತೊಡಗಿದರು. ಬಹಳ ಹೊತ್ತಾದ ಮೇಲೆ, ಆರನೆಯದನ್ನು ಯಾಕೆ ಎತ್ತಲಿಲ್ಲ ಎಂದು ಕೇಳಿದರು. ಬಯ್ಯುವ ದನಿಯಲ್ಲಿ ಅಲ್ಲ, ತಿಳಿದುಕೊಳ್ಳುವ ದನಿಯಲ್ಲಿ.

"ಸತ್ರ ನಂಗ ಹೇಳಿ ಅಂತ ಮುಂಗಡವೇ ಹೇಳಿಟ್ಕಂಡ್ರ ಅದು ಕರ್ದಂಗಾಗಲ್ವಾ ಮೇಷ್ಟ್ರೇ?" ಎಂದಳು ಆಕೆ. "ಆಳು ಬಂದ್ರ ಬಾಗ್ಲಲ್ಲಿ ನಿಂತ್ಕತಾನ. ಮೊಕ ನೋಡ್ತಿದ್ದಂಗೇ ಗೊತ್ತಾಯ್ತದ. ನೀರು ಕುಡಿತಾನ, ನಮ್ಮುನ್ನ ಕರ್ಕಂಡು ಹೋಯ್ತಾನ. ನಿಮ್ ಪೆಟ್ಟಿಗ ನಮ್ಮುನ್ನ ಕರ್ಕಂಡು ಹೋದ್ದಾ?"

ಸಾರ್ ಕೈ ನಿಂತಿತು. ಆಮೇಲೆ ಅಲ್ಲಿಯೇ ಮುದ್ದೆ ಉಂಡರು. ಆ ಅತ್ತೆಗೂ ಅವರಿಗೂ ಏನೋ ಒಂದು ಸ್ನೇಹ ಬೆಳೆಯಿತು. ಅದಾದ ಮೇಲೂ ಎರಡು ಮೂರು ಸಲ ಅವರೊಬ್ಬರೇ ಅಲ್ಲಿಗೆ ಹೋಗಿ ಬಂದರಂತೆ. ನನ್ನ ತಂಗಿ ಅವರಿಗೆ ಮಜ್ಜಿಗೆ ಕೊಟ್ಟಳೆಂದು ಕೇಳಿ ನನಗೆ ಹೊಟ್ಟೆಯುರಿಯಿತು. ಪೆಟ್ಟಿಗೆ ಮಾಡಿದವರಿಗೆ ಮಜ್ಜಿಗೆ, ಒತ್ತಿದವನಿಗೆ ಮಾತೂ ಇಲ್ಲ.

ಮುಂದಿನ ಬೇಸಿಗೆಗೆ ಸಾರ್ ಆರನೆಯ ಸ್ವಿಚ್ಚಿನ ಚೀಟಿಯನ್ನು ಬದಲಾಯಿಸಿದರು. 'ಸಾವು' ಎಂಬುದನ್ನು ಕಿತ್ತು, 'ನಾನು ಹೋಗಿ ಹೇಳುತ್ತೇನೆ' ಎಂದು ಅಂಟಿಸಿದರು. ಸಾವಿನ ಸುದ್ದಿ ಇನ್ನು ಸತ್ತವರ ನಂಟರಿಗೆ ಹೋಗುವುದಿಲ್ಲ. ಆ ನಂಟರ ಪಕ್ಕದ ಮನೆಯಲ್ಲೋ ಪಕ್ಕದ ಊರಲ್ಲೋ, ನಡೆದುಹೋಗಿ ಹೇಳುತ್ತೇನೆ ಎಂದು ಸ್ವಿಚ್ಚು ಎತ್ತಿಟ್ಟವರಿಗೆ ಹೋಗುತ್ತದೆ. ಅವರು ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತಾರೆ. ನಿಯಮ ಮುರಿಯಲಿಲ್ಲ, ಕೇಳಿದವರಿಗೇ ಸುದ್ದಿ. ಆ ಚೀಟಿಯನ್ನು ಓದಿ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅಷ್ಟು ಸರಿಯಾಗಿತ್ತು ಅದು. ಇದನ್ನು ಮೊದಲೇ ಮಾಡಬಾರದಿತ್ತೇ ಎಂದೆ.

"ಮೊದಲು ನನಗೆ ಗೊತ್ತಿರಲಿಲ್ಲ ಮಾದೇವ."

ಅವರು ತಮ್ಮ ತಪ್ಪನ್ನು ಒಪ್ಪಿಕೊಂಡದ್ದು ಅಷ್ಟೇ. ಅಷ್ಟಕ್ಕಿಂತ ಹೆಚ್ಚಿಗೆ ನಾನು ಬಯಸಿದ್ದೆ. ಏನು ಎಂದು ಕೇಳಿದರೆ ಹೇಳಲಾರೆ.

ಹೊಸ ಚೀಟಿಯ ಪೆಟ್ಟಿಗೆಗಳನ್ನು ಹೊತ್ತು ಮತ್ತೆ ಮನೆಮನೆಗೆ ಹೋದೆವು. ನಾಲ್ಕು ಮನೆಯವರು ಇಟ್ಟುಕೊಂಡರು. ನಾಲ್ವರೂ ಆರನೆಯ ಸ್ವಿಚ್ಚನ್ನು ನಮ್ಮೆದುರೇ ಎತ್ತಿದರು. ಆದರೆ ನಾಲ್ಕು ಪೆಟ್ಟಿಗೆಗೆ ಹೊಳೆ ದಾಟುವಷ್ಟು ದನಿ ಇರಲಿಲ್ಲ, ನಡುವೆ ಕೊಂಡಿ ಬೇಕಿತ್ತು, ಮರದ ಮೇಲಿನವು ಮಳೆಗೆ ಕೆಟ್ಟುಹೋಗಿದ್ದವು. ಕಾಲೇಜಿನವರು ಹೊಸದಕ್ಕೆ ಒಪ್ಪಲಿಲ್ಲ. ಆ ಹೊತ್ತಿಗೆ ಮಸಿನಗುಡಿಗೆ ಮೊಬೈಲ್ ಟವರು ಬಂತು. ಪೆಟ್ಟಿಗೆಗಳನ್ನು ಕಟ್ಟಿ ಲ್ಯಾಬಿನ ಅಟ್ಟಕ್ಕೆ ಹಾಕಿದವನು ನಾನೇ. ಆ ಚೀಟಿಯ ಸ್ವಿಚ್ಚು ಒಂದು ಸಾವಿಗೂ ಕೆಲಸ ಮಾಡಲಿಲ್ಲ. ಕೆಲಸ ಮಾಡುತ್ತಿತ್ತೋ ಇಲ್ಲವೋ ಎಂದು ತಿಳಿಯುವ ದಾರಿಯೂ ಈಗ ಇಲ್ಲ.

ಸಾರ್ ನಿವೃತ್ತಿಗೆ ಮೊದಲೇ ಕೆಲಸ ಬಿಟ್ಟು ಗೂಡಲೂರಿಗೆ ಹೋದರು. ಆರೋಗ್ಯ ಸರಿಯಿಲ್ಲ ಎಂದು ಬೇರೆಯವರು ಹೇಳಿದರು. ಒಂದೆರಡು ಸಲ ಫೋನಿನಲ್ಲಿ ಮಾತಾಡಿದೆವು. ಬ್ಯಾಟರಿಯ ಬಗ್ಗೆ, ಮಳೆಯ ಬಗ್ಗೆ.

ಕಳೆದ ತಿಂಗಳು, ನಾನು ರಜೆಯ ಮೇಲೆ ಊರಲ್ಲಿದ್ದಾಗ, ಬೆಳಿಗ್ಗೆ ಮೊಬೈಲಿಗೆ ಕಾಲೇಜಿನಿಂದ ಮೆಸೇಜು ಬಂತು. ಇಂಥವರು ತೀರಿಕೊಂಡರು, ಮಣ್ಣು ಮಧ್ಯಾಹ್ನ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು. ಎಲ್ಲರಿಗೂ ಒಟ್ಟಿಗೆ ಕಳಿಸಿದ್ದು. ಆಗ ತಂಗಿಯ ಅತ್ತೆಯ ನೆನಪಾಯಿತು. ಆಕೆಗೆ ತಿಳಿಸಬೇಕು. ತಂಗಿಯ ಗಂಡನ ಮೊಬೈಲ್ ನಂಬರು ನನ್ನ ಹತ್ತಿರ ಇತ್ತು. ಆದರೂ ನಾನು ಕೋಲು ತೆಗೆದುಕೊಂಡು ಹೊರಟೆ. ಇಷ್ಟು ವರ್ಷ ಆ ದಾರಿ ತುಳಿದಿರಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು.

ಬಾಗಿಲಲ್ಲಿ ನಿಂತೆ. ತಂಗಿ ನನ್ನ ಮುಖ ನೋಡಿದ ಕೂಡಲೇ ಕೈಯಲ್ಲಿದ್ದ ಪೊರಕೆ ಬಿಟ್ಟಳು. ಯಾರು ಎಂದು ಕೇಳಿದಳು. ಹೇಳಿದೆ. ಒಳಗಿನಿಂದ ಅತ್ತೆ ಕೇಳಿಸಿಕೊಂಡು, ಅಯ್ಯೋ ನನ್ನಪ್ಪ ಎಂದು ಅಲ್ಲೇ ಕೂತಳು. ತಂಗಿ ಚೊಂಬಿನಲ್ಲಿ ನೀರು ತಂದು ಕೊಟ್ಟಳು. ನಾನು ಕುಡಿಯುವವರೆಗೂ ಎದುರಿಗೇ ನಿಂತಿದ್ದಳು.

"ಅವ್ವನ್ಗ ಪೆಟ್ಟಿಗ ಸಾಕಾಯ್ತು," ಎಂದಳು. "ಮೇಷ್ಟ್ರುಗ ಕಾಲು ಬೇಕಾಯ್ತಾ ಅಣ್ಣ?"

ಖಾಲಿ ಚೊಂಬನ್ನು ಕೆಳಗಿಟ್ಟೆ. ಅವಳು ಅದನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಜಗಲಿಯ ಅಂಚಿನಲ್ಲಿ ಕೂತೆ, ಹೊರಡಲೋ ಬೇಡವೋ ಎಂದು ತಿಳಿಯದೆ. ಒಳಗೆ ಬಟ್ಟೆ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು, ಅತ್ತೆ ಏನೋ ಹೇಳಿದ್ದು, ಇವಳು ಹೂಂಗುಟ್ಟಿದ್ದು ಕೇಳಿಸಿತು. ಹೊರಗೆ ಬಂದಾಗ ಸೀರೆ ಬದಲಾಯಿಸಿದ್ದಳು. ಮೆಟ್ಟಿಲ ಕೆಳಗಿನ ಚಪ್ಪಲಿಯನ್ನು ಕಾಲಿನಿಂದಲೇ ತಿರುಗಿಸಿ ಮೆಟ್ಟಿಕೊಂಡಳು. ನನ್ನ ಕಡೆ ನೋಡಲಿಲ್ಲ.

"ಗೂಡಲೂರು ಬಸ್ಸು ಎಷ್ಟೊತ್ಗ?"